ಗೌಡ ಸತ್ತ, ಗೌಡ ಎದ್ದ

“ಗೌಡ ಸತ್ತ ಕಣೋ” ಎಂದು ಹೋದ ತಿಂಗಳು ಮಳವಳ್ಳಿಯ ಗೆಳೆಯ ಫೋನು ಮಾಡಿದಾಗ ನಾನು ಕೇಳಿದ್ದು ಯಾವಾಗ ಎಂದಲ್ಲ, ಹೇಗೆ ಎಂದೂ ಅಲ್ಲ. “ನಿಜವಾಗ್ಲೂನಾ? ಕಣ್ಣಾರೆ ನೋಡಿದ್ಯಾ?” ಎಂದು ಕೇಳಿದೆ. ಬೇರೆ ಯಾರಾದರೂ ಆಗಿದ್ದರೆ ನನಗೆ ತಲೆ ಕೆಟ್ಟಿದೆ ಎಂದುಕೊಳ್ಳುತ್ತಿದ್ದರು. ಗೆಳೆಯ, “ಮುಟ್ಟಿ ನೋಡೇ ಫೋನ್ ಮಾಡ್ತಿದೀನಿ. ತಣ್ಣಗಾಗಿದಾನೆ” ಎಂದ. ‘ಗೌಡ ಸತ್ತ’ ಎಂಬ ಇದೇ ಎರಡು ಪದವನ್ನು ವಿಚಾರಿಸದೆ ನಂಬಿದ್ದಕ್ಕೆ ಹಿಂದೊಮ್ಮೆ ಒಂದು ಹೆಣ ಬಿದ್ದಿತ್ತು. ಅದನ್ನು ಕಂಡವರಲ್ಲಿ ನಾವಿಬ್ಬರೂ ಇದ್ದೆವು.

ಅವನ ಹೆಸರು ಬರೆಯುವುದಿಲ್ಲ. ಗೌಡ ಎಂದರೆ ಸಾಕು. ಹಾಗೆಂದರೆ ಗುರುತು ಹೇಳಿದಂತೆಯೂ ಆಗುವುದಿಲ್ಲ. ಮಂಡ್ಯ ಸೀಮೆಯ ಬಸ್ಸಿನಲ್ಲಿ ‘ಗೌಡ್ರೇ’ ಎಂದು ಕೂಗಿದರೆ ಅರ್ಧ ಬಸ್ಸು ತಿರುಗಿ ನೋಡುತ್ತದೆ, ಡ್ರೈವರೂ ಬ್ರೇಕು ಹಾಕುತ್ತಾನೆ. ನಮ್ಮ ತರಗತಿಯಲ್ಲೂ ಗೌಡರು ಬೇಕಾದಷ್ಟಿದ್ದರು. ಉದ್ದ ಗೌಡ, ಕನ್ನಡಕದ ಗೌಡ, ಕೆಮ್ಮು ಗೌಡ. ಹಿಂದೆ ಮುಂದೆ ಏನೂ ಇಲ್ಲದೆ ಬರೀ ‘ಗೌಡ’ ಎಂದರೆ ಇವನೊಬ್ಬನೇ.

ನಮಗೆ ಪರಿಚಯವಾದದ್ದು ಕಪಾಳಮೋಕ್ಷದಿಂದ. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಇಬ್ಬರೂ ಮಂಡ್ಯದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೆವು. ನಾನು ಮದ್ದೂರಿನ ಅರ್ಚಕರ ಮಗ, ಗುತ್ತಲಿನಲ್ಲಿ ರೂಮು ಮಾಡಿಕೊಂಡಿದ್ದೆ. ಅವನದು ಕೊತ್ತತ್ತಿ ದಾಟಿ, ನಾಲೆ ಏರಿ ಹಿಡಿದು ಹೋದರೆ ಸಿಗುವ ಒಂದು ಊರು. ಒಂದು ದಿನ ಲ್ಯಾಬಿನಲ್ಲಿ ಮೇಷ್ಟ್ರ ಪ್ರಶ್ನೆಗೆ ಅವನು ಇಂಗ್ಲಿಷಿನಲ್ಲಿ ತಡವರಿಸಿದ. ನಾನು ನಕ್ಕೆ. ಮೇಷ್ಟ್ರು ಹೊರಗೆ ಹೋಗುವವರೆಗೂ ತಾಳ್ಮೆಯಿಂದ ಕಾದಿದ್ದು, ಆಮೇಲೆ ಬಂದು ಬಾರಿಸಿದ. ಕಿವಿ ಸಂಜೆಯವರೆಗೂ ಗುಂಯ್ ಎನ್ನುತ್ತಿತ್ತು. ಸಂಜೆ ರೂಮಿನ ಬಾಗಿಲು ಬಡಿದ ಸದ್ದಾಯಿತು. ತೆಗೆದರೆ ಇವನೇ, ಕಂಕುಳಲ್ಲಿ ಒಂದು ಕಬ್ಬಿನ ಜಲ್ಲೆ ಇಟ್ಟುಕೊಂಡು ನಿಂತಿದ್ದ.

“ಇನ್ನೂ ನೋಯ್ತದಾ ಐನೋರೆ?”

“ನೋಯದೆ ಇನ್ನೇನು?”

“ನೋಯ್ಲಿ ಅಂತ್ಲೇ ಒಡ್ದಿದ್ದು. ತಗಾ, ತಿನ್ನು. ಬಾಯಾಡ್ಸುದ್ರೆ ಕಿವಿ ಸರೋಯ್ತದೆ.”

ಕ್ಷಮೆ ಎಂಬ ಪದ ಅವನ ಬಾಯಿಂದ ಕೇಳಿದವರಿಲ್ಲ. ಹೊಡೆಯುತ್ತಿದ್ದ, ಆಮೇಲೆ ತಿನ್ನಿಸುತ್ತಿದ್ದ. ಅವತ್ತು ಜಲ್ಲೆ ಸೀಳಲು ನಾನು ಚಾಕು ತಂದುಕೊಟ್ಟರೆ ಹಾವು ಕಂಡವನಂತೆ ಹಿಂದೆ ಸರಿದ. ಮೊಣಕಾಲಿಗೆ ಕೊಟ್ಟು ಲಟಕ್ಕನೆ ಮುರಿದ, ಹಲ್ಲಿನಲ್ಲೇ ಸಿಪ್ಪೆ ಸೀಳಿದ. ಆಮೇಲೆ ಗಮನಿಸುತ್ತಾ ಬಂದೆ. ಅಲಗು ಇರುವ ಯಾವುದನ್ನೂ ಅವನು ಮುಟ್ಟುತ್ತಿರಲಿಲ್ಲ. ಲ್ಯಾಬಿನಲ್ಲಿ ವೈರಿನ ಮೇಲಿನ ಪ್ಲಾಸ್ಟಿಕ್ ಸುಲಿಯಲು ನಾವು ಬ್ಲೇಡು ಹಿಡಿದರೆ ಅವನು ಹಲ್ಲಿಗೆ ಕಚ್ಚಿ ಎಳೆಯುತ್ತಿದ್ದ. ಮುಂದಿನ ಹಲ್ಲೊಂದರ ತುದಿ ಅದರಿಂದಲೇ ಚಕ್ಕೆ ಎದ್ದಿತ್ತು. ಕಬ್ಬಿನ ಸೀಮೆಯಲ್ಲಿ ಹುಟ್ಟಿ ಮಚ್ಚು ಮುಟ್ಟದ ಗೌಡ ಎಂದರೆ ಮಡಿ ಉಡದ ಅರ್ಚಕನಿದ್ದ ಹಾಗೆ. ನಾವು ಇದನ್ನು ತಮಾಷೆ ಮಾಡುತ್ತಿದ್ದೆವು, ಅವನೂ ನಗುತ್ತಿದ್ದ.

ಹಾಗೆಂದು ಸಾಧು ಎಂದುಕೊಳ್ಳಬೇಡಿ. ಅವನಷ್ಟು ಹೊಡೆದಾಡಿದವರನ್ನು ನಾನು ನೋಡಿಲ್ಲ. ಹಾಸ್ಟೆಲಿನಲ್ಲಿ ಊಟದ ತಟ್ಟೆ ಎಸೆದವನಿಗೆ ಅದೇ ತಟ್ಟೆಯ ಅನ್ನವನ್ನು ನೆಲದಿಂದ ಬಾಚಿ ತಿನ್ನಿಸಿದ. ಒಮ್ಮೆ ಭಾರತೀನಗರದಿಂದ ಬರುವ ಬಸ್ಸಿನಲ್ಲಿ ಕೋಳಿ ಬುಟ್ಟಿಯ ಮುದುಕಿಯನ್ನು ಕಂಡಕ್ಟರು ಮೆಟ್ಟಿಲಿನಿಂದ ತಳ್ಳಿದ. ಗೌಡ ಕಂಡಕ್ಟರನ ಕಾಲರು ಹಿಡಿದು ಕೆಳಗಿಳಿಸಿ, ಧೂಳಿನಲ್ಲಿ ಹೊರಳಾಡಿಸಿ ಬಡಿದ. ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರನ ಕಡೆಯವರು ಮೂರು ನಾಲ್ಕು ಜನ ಕಬ್ಬಿಣದ ರಾಡು ಹಿಡಿದು ಬಂದರು. ಒಂದೇಟು ಹೆಗಲಿಗೆ ಬಿತ್ತು. ಎರಡನೆಯ ಏಟಿಗೆ ರಾಡು ಇವನ ಕೈಗೇ ಬಂತು. ಈಗ ಯಾರದೋ ತಲೆ ಒಡೆಯಿತು ಎಂದು ನಾನು ಕಣ್ಣು ಮುಚ್ಚಿದೆ. ತೆರೆದಾಗ ರಾಡು ಆಚೆಯ ಕಬ್ಬಿನ ಗದ್ದೆಯಲ್ಲಿತ್ತು. ಇವನು ಬರಿಗೈಯಲ್ಲೇ ಒಬ್ಬನ ಎದೆಯ ಮೇಲೆ ಕೂತು ಗುದ್ದುತ್ತಿದ್ದ, ತನಗೂ ಬಾಯಿ ಮೂಗಿನಲ್ಲಿ ರಕ್ತ.

“ರಾಡು ಯಾಕೆ ಎಸೆದೆ? ಸಾಯಿಸಿಬಿಡ್ತಿದ್ರಲ್ಲೋ ನಿನ್ನ!” ಎಂದೆ.

“ಕಬ್ಬುಣಕ್ಕೆ ಸುಸ್ತಾಗಾಕಿಲ್ಲ ಕಣ್ಲಾ ಐನೋರೆ” ಎಂದ, ರಕ್ತ ಉಗುಳುತ್ತಾ. “ಕೈಗಾದ್ರೆ ಸುಸ್ತಾಯ್ತದೆ. ಎದ್ರುಗಿರೋನು ಬದೀಕತಾನೆ.”

ಇದರ ಹಿಂದಿನ ಕಥೆಯನ್ನು ಅವನೇ ಒಂದು ಮಧ್ಯಾಹ್ನ ಲ್ಯಾಬಿನ ಮೆಟ್ಟಿಲ ಮೇಲೆ ಕೂತು ಹೇಳಿದ. ಅವನ ಊರಿನಲ್ಲಿ ನಾಲೆಯ ಒಂದು ತೂಬು. ಅದರ ನೀರು ಎರಡು ಮನೆತನದ ಗದ್ದೆಗೆ ಹೋಗಬೇಕು. ತೂಬಿನ ಮೇಲ್ಗಡೆ ಇವರದು, ಮೇಗಲಮನೆ. ಕೆಳಗಡೆ ಅವರದು, ಕೆಳಗಲಮನೆ. ಯಾವುದೋ ಬೇಸಿಗೆಯಲ್ಲಿ ನೀರಿನ ಸರದಿಗೆ ಜಗಳ ಹತ್ತಿ, ಕೆಳಗಲಮನೆಯ ಯಜಮಾನನೂ ಅವನ ಹಿರಿಯ ಮಗನೂ ಸೇರಿ ಗೌಡನ ಅಣ್ಣನನ್ನು ತೂಬಿನ ಕಲ್ಲಿನ ಮೇಲೆ ಕಡಿದು ಹಾಕಿದ್ದರು. ಮಚ್ಚಿನಲ್ಲಿ. ಅಣ್ಣನ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಮಂಡ್ಯದ ಆಸ್ಪತ್ರೆಗೆ ಗಾಡಿಯಲ್ಲಿ ಬಂದವನು ಇವನೇ. ಕತ್ತಿನ ಗಾಯಕ್ಕೆ ಪಂಚೆ ಒತ್ತಿ ಹಿಡಿದಿದ್ದನಂತೆ. ದಾರಿಯಲ್ಲೇ ಎಲ್ಲ ಮುಗಿಯಿತು. ಕೋರ್ಟಿನಲ್ಲಿ ಸಾಕ್ಷಿಗಳು ತಿರುಗಿಬಿದ್ದರು. ಕಡಿದವರು ಮನೆಗೆ ಬಂದರು. ಅಂದಿನಿಂದ ಅವನ ಅಪ್ಪ ಒಂದು ಮಚ್ಚನ್ನು ಎಣ್ಣೆ ಸವರಿ ಅಟ್ಟದ ಮೇಲಿಟ್ಟಿದ್ದ. ಎರಡೂ ಮನೆಗೆ ಬೆಂಕಿ ನೀರು ನಿಂತಿತ್ತು, ಕೊಡುವುದು ತರುವುದು ಏನೂ ಇರಲಿಲ್ಲ.

“ನಮ್ಮಪ್ಪ ಒಂದ್ ಮಾತಾಡಾಕಿಲ್ಲ ಕಣ್ಲಾ. ಅದ್ಕೇ ಭಯ. ನಾನ್ ಓದು ಮುಗ್ಸಿ ಎಲ್ಲಾರಾ ದೂರ ಕೆಲ್ಸ ಇಡ್ದು, ಅವ್ವ ಅಪ್ಪ ಇಬ್ರುನ್ನೂ ಆ ಊರಿಂದ ಎತ್ತಾಕ್ಕಂಡೋಗ್ಬೇಕು. ಅಷ್ಟ್ರೊಳ್ಗೆ ಅವ್ನು ಅಟ್ಟ ಅತ್ಬಾರ್ದು. ಅಷ್ಟೇಯ ನಂಗ್ ಬೇಕಾಗಿರೋದು.”

ಆಮೇಲೆ ಇನ್ನೊಂದು ಮಾತು ಹೇಳಿದ. ಕೆಳಗಲಮನೆಯಲ್ಲಿ ಇವನ ಓರಗೆಯ ಚಿಕ್ಕ ಮಗನೊಬ್ಬನಿದ್ದ. ಆ ಕೊಲೆಗೂ ಅವನಿಗೂ ಸಂಬಂಧವಿರಲಿಲ್ಲ. ಇಬ್ಬರೂ ಚಡ್ಡಿ ಹಾಕುವ ಕಾಲದಿಂದ ಕಬಡ್ಡಿಯಲ್ಲಿ ಎದುರುಬದುರು. “ಅವ್ನಂಗೆ ಬಗ್ಗಿ ತಪ್ಪಿಸ್ಕಳೋನು ಈ ತಾಲ್ಲೂಕ್ನಾಗೇ ಇಲ್ಲ” ಎಂದ. ಅಣ್ಣ ಹೋದ ಮೇಲೆ ಇಬ್ಬರಿಗೂ ಮಾತಿಲ್ಲ. ನಾಲೆ ಏರಿಯ ಮೇಲೆ ಎದುರಾದರೆ ಒಬ್ಬ ಆ ಕಡೆ ನೋಡುತ್ತಿದ್ದ, ಇನ್ನೊಬ್ಬ ಈ ಕಡೆ.

ಇನ್ನು ಆಟದ ವಿಷಯ. ಕೊನೆಯ ವರ್ಷ ಕಾಲೇಜಿನಲ್ಲಿ ಊರವರಿಗೆಲ್ಲ ತೆರೆದ ವಸ್ತುಪ್ರದರ್ಶನ ಇಟ್ಟಿದ್ದರು. ನಮ್ಮ ಮೇಷ್ಟ್ರು ಯಾವುದೋ ವಿದೇಶಿ ಪತ್ರಿಕೆ ಓದಿ, ಲ್ಯಾಬಿನಲ್ಲಿ ಕರೆಂಟಿನ ಏರಿಳಿತ ತೋರಿಸುವ ಆಸಿಲೋಸ್ಕೋಪಿನ ಪರದೆಯ ಮೇಲೆ ಬೆಳಕಿನ ಚುಕ್ಕಿ ಓಡಿಸಿ ಟೆನಿಸ್ ಆಡುವ ಯಂತ್ರ ಮಾಡಿರೆಂದರು. ಈಗ ಅಂಥದ್ದಕ್ಕೆ ವಿಡಿಯೋ ಗೇಮ್ ಎನ್ನುತ್ತಾರೆ. ನಮಗೆ ಆ ಹೆಸರು ಗೊತ್ತಿರಲಿಲ್ಲ, ಚುಕ್ಕಿ ಆಟ ಎನ್ನುತ್ತಿದ್ದೆವು. ಟೀವಿಯನ್ನೇ ಕಾಣದ ಊರಿನಲ್ಲಿ ಅಂಗೈಯಗಲದ ಆ ಹಸಿರು ಪರದೆಯೇ ದೊಡ್ಡ ಸೋಜಿಗ.

“ಟೆನಿಸು ಇಲ್ಯಾವನ್ ಸಾ ಆಡ್ತಾನೆ?” ಎಂದ ಗೌಡ. “ಕಬಡ್ಡಿ ಮಾಡುವಾ.”

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. “ಆಗುತ್ತೇನಪ್ಪ?”

“ಆಗ್ದೆ ಏನ್ ಸಾ? ನಡೂಕ್ಕೊಂದ್ ಗೆರೆ. ಮ್ಯಾಗ್ಲೋರು ಇಬ್ರು, ಕೆಳಗ್ಲೋರು ಇಬ್ರು. ಮುಟ್ಟುದ್ರೆ ಸತ್ತ.”

ನಮ್ಮ ತಂಡದಲ್ಲಿ ಮೂವರು. ಗೌಡ, ನಾನು, ಮತ್ತೆ ಈಗ ಫೋನು ಮಾಡಿದ ಮಳವಳ್ಳಿಯ ಗೆಳೆಯ. ಅವನ ಅಪ್ಪನಿಗೆ ಅಲ್ಲಿ ರೇಡಿಯೋ ರಿಪೇರಿ ಅಂಗಡಿ, ಹಾಗಾಗಿ ಇವನಿಗೂ ‘ರೇಡಿಯೋ’ ಎಂದೇ ಹೆಸರು ಬಿದ್ದಿತ್ತು. ಅಂಗಡಿಯಿಂದ ಹಳೆಯ ರೇಡಿಯೋಗಳ ತಿರುಗುಗುಬ್ಬಿಗಳನ್ನು ತಂದ. ಚುಕ್ಕಿ ಓಡಿಸುವುದು ಅವುಗಳಿಂದಲೇ. ಟೆಲಿಫೋನಿನವರ ಗುಜರಿಯಿಂದ ರಿಲೇಗಳನ್ನು ತಂದೆವು. ರಿಲೇ ಎಂದರೆ ಕರೆಂಟು ಹರಿದರೆ ತಾನಾಗಿ ‘ಟಕ್’ ಎಂದು ಕಚ್ಚಿಕೊಳ್ಳುವ ಒಂದು ಸ್ವಿಚ್ಚು. ಒಂದು ಚುಕ್ಕಿ ಎದುರಿನ ಚುಕ್ಕಿಯನ್ನು ಮುಟ್ಟಿದರೆ ‘ಟಕ್’, ಮುಟ್ಟಿಸಿಕೊಂಡದ್ದು ಆರಿಹೋಗುತ್ತಿತ್ತು. ನಮ್ಮ ಕಡೆ ಕಬಡ್ಡಿಯಲ್ಲಿ ಔಟು ಎನ್ನುವವರಿಲ್ಲ. ಸತ್ತ ಎನ್ನುತ್ತಾರೆ. ಎದುರಿನವರಲ್ಲಿ ಒಬ್ಬ ಸತ್ತರೆ ನಮ್ಮಲ್ಲಿ ಸತ್ತು ಕೂತವನೊಬ್ಬ ಎದ್ದು ಒಳಗೆ ಬರುತ್ತಾನೆ. ಅದಕ್ಕೆ ಎದ್ದ ಎನ್ನುತ್ತಾರೆ.

ಗಲಾಟೆ ಹತ್ತಿದ್ದು ಈ ಏಳುವ ವಿಷಯಕ್ಕೆ. ಸಾಯಿಸುವುದು ಸುಲಭವಾಗಿತ್ತು. ಎಬ್ಬಿಸಲು ಇನ್ನೂ ರಿಲೇ ಬೇಕು, ವೈರಿನ ಗೋಜಲು ಎರಡರಷ್ಟಾಗುತ್ತದೆ. ಪ್ರದರ್ಶನ ಹತ್ತಿರ ಬಂದಿತ್ತು. ರೇಡಿಯೋ ಬೇಸತ್ತು, “ಸತ್ತೋರು ಸತ್ತಂಗೇ ಇರ್ಲಿ ಬುಡು ಗೌಡ, ಯಾವನ್ ಕೇಳ್ತಾನೆ?” ಎಂದ. ಗೌಡನ ಕೈಯಲ್ಲಿದ್ದ ಬೆಸುಗೆ ಕಡ್ಡಿ ಕೆಳಗೆ ಬಿತ್ತು. ಮುಷ್ಟಿ ರೇಡಿಯೋನ ಮೂಗಿಗೆ ಬಿತ್ತು. ಮೂಗಿನ ಮೂಳೆ ಮುರಿದ ಸದ್ದು ನನಗೂ ಕೇಳಿಸಿತು. ಮೇಜಿನ ಮೇಲಿನ ವೈರು, ರಿಲೇ, ನಕ್ಷೆ ಎಲ್ಲದರ ಮೇಲೂ ರಕ್ತ ತೊಟ್ಟಿಕ್ಕಿತು. ನಾನು ಮಧ್ಯೆ ಹೋದೆ, ನನ್ನನ್ನೂ ಗೋಡೆಗೆ ಎತ್ತಿ ಒಗೆದ. ಆಮೇಲೆ ರೇಡಿಯೋನ ತಲೆಯನ್ನು ತನ್ನ ಎದೆಗೆ ಒರಗಿಸಿಕೊಂಡು, ಅಂಗಿಯ ತುದಿಯನ್ನು ಮೂಗಿಗೆ ಒತ್ತಿ ಹಿಡಿದು ಅಳಲು ಶುರುಮಾಡಿದ. ಹೊಡೆದು ಅತ್ತದ್ದನ್ನು ಅವತ್ತೇ ಮೊದಲು ನೋಡಿದ್ದು.

“ಸತ್ತೋನು ಎದ್ದು ಬರ್ಲಿಲ್ಲ ಅಂದ್ರೆ ಅದು ಆಟ ಅಲ್ಲ ಕಣ್ಲಾ” ಎಂದ. “ಅದು ನಮ್ಮೂರು.”

ರೇಡಿಯೋ ಮೂಗಿಗೆ ಬಟ್ಟೆ ಕಟ್ಟಿಕೊಂಡೇ ಮಳವಳ್ಳಿಗೆ ಹೋಗಿ ಇನ್ನಷ್ಟು ರಿಲೇ ಹೊಂಚಿ ತಂದ. ಎಬ್ಬಿಸುವ ವೈರುಗಳನ್ನೆಲ್ಲ ಗೌಡನೇ ಹಲ್ಲಿನಿಂದ ಸುಲಿದು ಬೆಸೆದ. ಮೊದಲ ಸಲ ಆರಿದ ಚುಕ್ಕಿ ‘ಟಕ್’ ಎಂದು ಮತ್ತೆ ಹೊತ್ತಿದಾಗ ಅವನು ಪರದೆಯ ಗಾಜನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದ. ಅವನು ಮುಟ್ಟುತ್ತಿದ್ದುದು ಯಾರನ್ನು ಎಂದು ನನಗೆ ಗೊತ್ತಿತ್ತು.

ಪ್ರದರ್ಶನದ ದಿನ ನಮ್ಮ ಲ್ಯಾಬಿಗೆ ಮುತ್ತಿದಷ್ಟು ಜನ ಬೇರೆಲ್ಲಿಗೂ ಮುತ್ತಲಿಲ್ಲ. ಕಬ್ಬು ಅರೆಯುವ ಕಾಲ. ಕಾರ್ಖಾನೆಗೆ ಗಾಡಿ ಹೊಡೆದುಕೊಂಡು ಬಂದ ರೈತರೂ ಸರದಿ ಬರುವಷ್ಟರಲ್ಲಿ ನೋಡಿ ಹೋಗೋಣವೆಂದು ಬಂದಿದ್ದರು. ಮೇಗಲ ಚುಕ್ಕಿಗಳನ್ನು ಗೌಡ ಆಡಿಸುತ್ತಿದ್ದ, ಕೆಳಗಲ ಚುಕ್ಕಿಗಳನ್ನು ರೇಡಿಯೋ. ಪರದೆ ಕಾಣುತ್ತಿದ್ದುದು ಮುಂದಿನ ಸಾಲಿಗಷ್ಟೇ. ಹಿಂದಿನವರಿಗೆ ಮುಂದಿನವರು, ಚುಕ್ಕಿಗೆ ಆಡಿಸುವವನ ಹೆಸರನ್ನೇ ಇಟ್ಟು, ಕೂಗಿ ಹೇಳುತ್ತಿದ್ದರು.

“ಗೌಡ ಸತ್ತ! ಗೌಡ ಸತ್ತ ಕಣ್ರಲಾ!”

“ಯಾವನ್ಲಾ ಒಡ್ದೋನು?”

“ಕೆಳಗ್ಲೋನು! ಒಂದೇ ಏಟ್ಗೆ ಮುಗುಸ್ಬುಟ್ಟ!”

ಅಷ್ಟರಲ್ಲಿ ಕರೆಂಟು ಹೋಯಿತು. ಪರದೆ ಕಪ್ಪಾಯಿತು. ಜನ ಹೋ ಎಂದು ನುಗ್ಗಿದ ಭರಕ್ಕೆ ಬಾಗಿಲ ಪಕ್ಕದ ಕಿಟಕಿ ಗಾಜು ಒಡೆದು ಯಾರದೋ ತೋಳು ಕುಯ್ದು, ಬಿಳಿ ಅಂಗಿಯೆಲ್ಲ ಕೆಂಪಾಗಿ, ನಾಲ್ಕು ಜನ ಅವನನ್ನು ಹೊತ್ತು ಹೊರಗೋಡಿದರು.

ಆ ಹೊತ್ತಿಗೆ ಬಾಗಿಲಾಚೆ ಗೌಡನ ಊರಿನ ಗಾಡಿಯವನೊಬ್ಬ ನಿಂತಿದ್ದ. ಗೌಡನ ಅವ್ವ ಮಗನಿಗೆಂದು ಕಜ್ಜಾಯ ಮಾಡಿ, ತನ್ನ ಸೀರೆಯ ಸೆರಗಿನ ತುಂಡಿನಲ್ಲಿ ಕಟ್ಟಿ ಅವನ ಕೈಲಿ ಕಳಿಸಿದ್ದಳು. ಒಳಗೆ ಏನು ನಡೆಯುತ್ತಿದೆಯೆಂದು ಅವನಿಗೆ ಗೊತ್ತಿಲ್ಲ. ಅವನಿಗೆ ಕೇಳಿಸಿದ್ದು ಆ ಕೂಗು, ಕಂಡದ್ದು ಆ ರಕ್ತ. ಪಕ್ಕದಲ್ಲಿದ್ದವನನ್ನು ಹಿಡಿದು, “ಯಾವ್ ಗೌಡ ಸತ್ತಿದ್ದು?” ಎಂದು ಕೇಳಿದನಂತೆ. ಆ ಪುಣ್ಯಾತ್ಮ ತನಗೆ ತಿಳಿದಂತೆ ಸರಿಯಾಗಿಯೇ ಹೇಳಿದ: “ಮೇಗ್ಲೋನು.” ಗಾಡಿಯವನಿಗೆ ಇನ್ನೇನು ಬೇಕು? ಅವನ ಊರಿನಲ್ಲಿ ಮೇಗಲೋನು ಎಂದರೆ ಮೇಗಲಮನೆಯವನು, ಕೆಳಗಲೋನು ಎಂದರೆ ಕೆಳಗಲಮನೆಯವನು. ಬೇರೆ ಅರ್ಥವೇ ಇಲ್ಲ. ಗಂಟನ್ನು ಅಲ್ಲೇ ಬಿಟ್ಟು, ನೊಗದಲ್ಲಿದ್ದ ಎತ್ತುಗಳನ್ನೂ ಬಿಟ್ಟು ಓಡಿದ.

ಕರೆಂಟು ಬಂದು, ಆಟ ಮತ್ತೆ ಹೂಡಿ, ಜನ ತೆಳುವಾಗುವಷ್ಟರಲ್ಲಿ ಬಿಸಿಲು ಇಳಿದಿತ್ತು. ಮುಖ ತೊಳೆಯಲೆಂದು ಹೊರಬಂದ ಗೌಡನಿಗೆ ಹೊಸ್ತಿಲ ಬಳಿ ಆ ಗಂಟು ಕಾಣಿಸಿತು. ಅವ್ವನ ಸೀರೆಯ ಬಟ್ಟೆ ಅವನಿಗೆ ಗುರುತು ಸಿಗದೆ ಇರುತ್ತದೆಯೆ? ತುಳಿದು ಕಜ್ಜಾಯ ಪುಡಿಯಾಗಿತ್ತು. “ಯಾರ್ ತಂದಿದ್ದು ಇದ್ನ?” ಎಂದು ಕೇಳಿದ. ಗೇಟಿನವನು, “ಯಾರೋ ಗಾಡಿಯೋನಪ್ಪ. ‘ಅಯ್ಯೋ ಮೇಗಲಮನೆ ಇನ್ನೊಂದ್ ದೀಪವೂ ಓಯ್ತಲ್ಲೋ’ ಅಂತ ಬಾಯ್ ಬಡ್ಕೊಂಡು ಓಡ್ದ” ಎಂದ. ಗೌಡನಿಗೆ ಆ ಕ್ಷಣಕ್ಕೇ ಎಲ್ಲ ಹೊಳೆಯಿತು. ಹೊಡೆಯುವಾಗ ಕೆಂಪಾಗುತ್ತಿದ್ದ ಮುಖ ಬೂದಿಯಾಯಿತು. “ಅಪ್ಪ ಅಟ್ಟ ಅತ್ತಾನೆ ಕಣ್ಲಾ” ಎಂದವನೇ ರಸ್ತೆಗೆ ಓಡಿ, ಬರುತ್ತಿದ್ದ ಖಾಲಿ ಲಾರಿಗೆ ಅಡ್ಡ ನಿಂತ. ನಾವಿಬ್ಬರೂ ಹಿಂದಿನಿಂದ ಹತ್ತಿಕೊಂಡೆವು. ದಾರಿಯುದ್ದಕ್ಕೂ ಲಾರಿಯ ಹಲಗೆಯನ್ನು ಮುಷ್ಟಿಯಿಂದ ಗುದ್ದುತ್ತಾ ಬಂದ. ಕೊತ್ತತ್ತಿ ದಾಟುವಾಗ ಅವನ ಗೆಣ್ಣು ಸುಲಿದು ಹಲಗೆಗೆ ರಕ್ತ ಮೆತ್ತಿತ್ತು.

ನಾವು ಮುಟ್ಟುವಷ್ಟರಲ್ಲಿ ಮುಗಿದುಹೋಗಿತ್ತು. ತೂಬಿನ ಸುತ್ತ ಊರೇ ನಿಂತಿತ್ತು. ಅಪ್ಪ ಮಚ್ಚು ಹಿಡಿದು ಹೊರಟಾಗ ಅವನಿಗೆ ಬೇಕಾಗಿದ್ದವರು ಯಜಮಾನ ಮತ್ತು ಹಿರಿಮಗ. ಅವರಿಬ್ಬರೂ ಸಂತೆಗೆ ಹೋಗಿದ್ದರು. ಗದ್ದೆಯಲ್ಲಿ ಬಗ್ಗಿ ಬದು ಕಟ್ಟುತ್ತಿದ್ದವನು ಚಿಕ್ಕ ಮಗ. ತಾಲ್ಲೂಕಿನಲ್ಲೇ ಅವನಂತೆ ತಪ್ಪಿಸಿಕೊಳ್ಳುವವರಿಲ್ಲ ಎಂದಿದ್ದನಲ್ಲ ಗೌಡ, ಅವನೇ. ಹಿಂದಿನಿಂದ ಬಿದ್ದ ಏಟಿಗೆ ತಪ್ಪಿಸಿಕೊಳ್ಳುವುದೇನು ಬಂತು? ಕತ್ತು ಅರ್ಧ ತುಂಡಾಗಿತ್ತು. ಒಂದು ಕೈ ಬದುವಿನ ಮೇಲಿತ್ತು, ಮೈ ಕಾಲುವೆಯಲ್ಲಿತ್ತು. ನೀರು ಅವನನ್ನು ಸುತ್ತಿಕೊಂಡು, ಕೆಂಪಾಗಿ, ಕೆಳಗಲಮನೆಯ ಗದ್ದೆಗೇ ಹರಿಯುತ್ತಿತ್ತು.

ಅಪ್ಪ ತೂಬಿನ ಕಲ್ಲಿನ ಮೇಲೆ ಮಚ್ಚು ತೊಡೆಗಿಟ್ಟುಕೊಂಡು ಕೂತಿದ್ದ. ಗೌಡನ ಅಣ್ಣ ಬಿದ್ದಿದ್ದ ಅದೇ ಕಲ್ಲು. ಹೆಜ್ಜೆ ಸದ್ದಿಗೆ ತಲೆ ಎತ್ತಿದ. ಎದುರಿಗೆ ಮಗ ನಿಂತಿದ್ದ. ಅಪ್ಪನ ಮುಖದಲ್ಲಿ ಗಾಬರಿಯೂ ಇರಲಿಲ್ಲ, ಆಶ್ಚರ್ಯವೂ ಇರಲಿಲ್ಲ. ಎದ್ದು ಬಂದು ರಕ್ತದ ಕೈಯಿಂದಲೇ ಮಗನ ತಲೆ, ಕೆನ್ನೆ, ಎದೆ, ತೋಳು ಎಲ್ಲ ಸವರಿದ.

“ಎದ್ ಬಂದ್ಯಾ ಮಗಾ” ಎಂದ. “ಬಂದ್ಯಾ. ಕಡುದ್ ತಕ್ಷಣ ಬಂದ್ಬುಟ್ಯಲ್ಲಪ್ಪಾ.”

“ನಾನ್ ಸತ್ತಿರ್ನಿಲ್ಲ ಕಣಪ್ಪಾ! ಅದು ಆಟ ಕಣಪ್ಪಾ! ಆಟ!”

ಗೌಡ ಕಿರುಚಿದ ಆ ಸ್ವರ ನನಗೆ ಇಂದಿಗೂ ಕೇಳುತ್ತದೆ. ಅಪ್ಪನಿಗೆ ಅದು ಕೇಳಿಸಲೇ ಇಲ್ಲ. ಪೊಲೀಸರು ಬಂದು ಕೈಗೆ ಬೇಡಿ ಹಾಕುವಾಗಲೂ ತೃಪ್ತಿಯಿಂದ ಮಗನನ್ನೇ ನೋಡುತ್ತಿದ್ದ. ಊರಿನವರೂ ಅದನ್ನೇ ಆಡಿಕೊಂಡರು. ಅವರ ಕಡೆ ಒಬ್ಬ ಬಿದ್ದ, ಇವರ ಕಡೆ ಒಬ್ಬ ಎದ್ದು ಬಂದ ಎಂದರು. ಹೇಳುವವರು ಹೇಳುತ್ತಾ ಹೋದಂತೆ ಅದೇ ನಿಜವಾಯಿತು. ಆಸಿಲೋಸ್ಕೋಪು, ರಿಲೇ ಎಂದೆಲ್ಲ ನಾವು ಕೋರ್ಟಿನಲ್ಲಿ ಹೇಳಿದ್ದು ಆ ಊರಿಗೆ ತಲುಪಲೇ ಇಲ್ಲ.

ಹೆಣ ಮಣ್ಣಾದ ಮಾರನೆಯ ದಿನ ಗೌಡ ಒಬ್ಬನೇ ಕೆಳಗಲಮನೆಯ ಅಂಗಳಕ್ಕೆ ಹೋಗಿ ನಿಂತ. “ನನ್ನ ಕಡುದ್ಬುಡಿ. ಇಲ್ಗೇ ಮುಗೀಲಿ” ಎಂದ. ಹಿರಿಮಗ ಮಚ್ಚು ತಂದ. ಆಗ ಸತ್ತವನ ತಾಯಿ ಒಳಗಿನಿಂದ ಓಡಿಬಂದು ಇಬ್ಬರ ನಡುವೆ ಬಿದ್ದಳು. “ಅವ್ನ ಮೈ ಮುಟ್ಬೇಡ್ರಲಾ! ನನ್ ಮಗನ್ ಜೀವ ಅದ್ರೊಳ್ಗೈತೆ!” ಎಂದು ಚೀರಿದಳಂತೆ. ಗೌಡ ಇದನ್ನು ನನಗೆ ಹೇಳುವಾಗ ಹಲ್ಲು ಕಡಿಯುತ್ತಿದ್ದ. “ಒಡ್ದಾಕಿದ್ರೂ ಬೇಕಿತ್ತು ಕಣ್ಲಾ. ಅವ್ಳಂಗಂದ್ಮೇಲೆ ನಾನ್ ಸಾಯಂಗೂ ಇಲ್ವಲ್ಲ” ಎಂದ.

ಪರೀಕ್ಷೆಗೆ ಅವನು ಬರಲಿಲ್ಲ. ಲ್ಯಾಬಿಗೆ ಮಾತ್ರ ಒಂದು ದಿನ ಬಂದ. ಆಟದ ಪೆಟ್ಟಿಗೆ ಇನ್ನೂ ಮೇಜಿನ ಮೇಲೇ ಇತ್ತು. ನಾನು ಮೇಷ್ಟ್ರ ಜೊತೆ ಅಲ್ಲೇ ಇದ್ದೆ. ಅವನು ಪೆಟ್ಟಿಗೆ ಬಿಚ್ಚಿ, ಎಬ್ಬಿಸುವ ವೈರುಗಳನ್ನು ಒಂದೊಂದಾಗಿ ಬೆರಳಿಗೆ ತೆಗೆದುಕೊಂಡು ಹಲ್ಲಿನಿಂದ ಕಚ್ಚಿ ಕತ್ತರಿಸಿದ. ತಾಮ್ರ ಚುಚ್ಚಿ ತುಟಿ ಹರಿಯಿತು. ಮೇಷ್ಟ್ರು ತಡೆಯಲು ಹೋದರು, ನಾನು ಅವರ ಕೈ ಹಿಡಿದುಕೊಂಡೆ. ಎಲ್ಲ ಮುಗಿದ ಮೇಲೆ ಗುಂಡಿ ಒತ್ತಿ, ಒಂದು ಚುಕ್ಕಿಯನ್ನು ಇನ್ನೊಂದಕ್ಕೆ ಮುಟ್ಟಿಸಿದ. ‘ಟಕ್’ ಎಂದು ಆರಿತು. ಏಳಲಿಲ್ಲ.

“ಈಗ್ ಸರಿಯಾಯ್ತು” ಎಂದು ಹೇಳಿ ಹೊರಟ.

ಅಪ್ಪ ಜೈಲಿನಲ್ಲೇ ಸತ್ತ. ಅಲ್ಲಿಯವರೆಗೆ ಗೌಡ ತಪ್ಪದೆ ನೋಡಲು ಹೋಗುತ್ತಿದ್ದ. ಪ್ರತಿ ಸಲವೂ ಅಪ್ಪ ಸರಳಿನ ಸಂದಿಯಿಂದ ಕೈ ಹಾಕಿ ಮುಖ ಸವರಿ, “ಕಡುದಿದ್ಕೇ ಬಂದೆ ಕಣಪ್ಪ” ಎನ್ನುತ್ತಿದ್ದ. ಮೊದಮೊದಲು ಗೌಡ ಜಗಳವಾಡಿದ. ಆಮೇಲೆ, ಪಾಪ, “ಊಂ ಕಣಪ್ಪ” ಎನ್ನಲು ಕಲಿತ. ಎಂಜಿನಿಯರ್ ಆಗಲಿಲ್ಲ, ಊರು ಬಿಡಲಿಲ್ಲ, ಯಾರ ಮೇಲೂ ಕೈ ಎತ್ತಲಿಲ್ಲ. ನಾನು ಬೇಕೆಂದೇ ಕೆಣಕಿ ನೋಡಿದ್ದೇನೆ. ಒಂದಾದರೂ ಬಾರಿಸಲಿ, ಹಳೆಯ ಗೌಡ ಸಿಗಲಿ ಎಂಬ ಆಸೆ. ಅವನು ಕಬ್ಬು ಮುರಿದು ಕೈಗೆ ಕೊಡುತ್ತಿದ್ದ, ಅಷ್ಟೇ. ತೂಬಿನ ನೀರನ್ನು ಮೊದಲು ಕೆಳಗಲಮನೆ ಗದ್ದೆಗೆ ಬಿಟ್ಟು ಆಮೇಲೆ ತನ್ನ ಗದ್ದೆಗೆ ತಿರುಗಿಸುತ್ತಿದ್ದ. ಅವರು ಮಾತಾಡಿಸುತ್ತಿರಲಿಲ್ಲ. ಆ ತಾಯಿ ಮಾತ್ರ ದಿನಾ ಹೊತ್ತು ಮುಳುಗುವ ಮುಂಚೆ ತನ್ನ ಜಗಲಿಯ ಮೇಲೆ ಬಂದು ನಿಂತು, ಇವನು ಗದ್ದೆಯಿಂದ ಮನೆಗೆ ಹೋಗುವುದನ್ನು ನೋಡಿ ಒಳಗೆ ಹೋಗುತ್ತಿದ್ದಳಂತೆ.

ಫೋನು ಬಂದ ಕೂಡಲೇ ಹೊರಟು ಅವನ ಊರಿಗೆ ಹೋದೆ. ಗೌಡನನ್ನು ಪಡಸಾಲೆಯಲ್ಲಿ ಮಲಗಿಸಿದ್ದರು. ಚಕ್ಕೆ ಎದ್ದ ಹಲ್ಲು ಕಾಣುತ್ತಿತ್ತು. ನಮ್ಮ ಕಡೆ ಮಣ್ಣಿಗೆ ಒಯ್ಯುವ ಮುಂಚೆ ನಂಟರೆಲ್ಲ ಸತ್ತವರ ಬಾಯಿ ಮೇಲೆ ಒಂದು ಹಿಡಿ ಅಕ್ಕಿ ಬಿಡುತ್ತಾರೆ. ಹೆಂಡತಿ, ಮಕ್ಕಳು, ಭಾವಮೈದುನರು ಒಬ್ಬೊಬ್ಬರಾಗಿ ಬಿಟ್ಟರು. ರೇಡಿಯೋನೂ ಬಿಟ್ಟ. ಅಷ್ಟರಲ್ಲಿ ಬಾಗಿಲ ಬಳಿ ಗುಸುಗುಸು ಎದ್ದು ಜನ ದಾರಿ ಬಿಟ್ಟರು. ಸೊಂಟ ಬಾಗಿದ ಒಬ್ಬ ಮುದುಕಿ ಕೋಲೂರಿಕೊಂಡು ಒಳಗೆ ಬಂದಳು. ಮಡಿಲಲ್ಲಿ ಅಕ್ಕಿ ಕಟ್ಟಿಕೊಂಡಿದ್ದಳು. ಬೆಂಕಿ ನೀರು ನಿಂತ ಮನೆಗೆ ಕೆಳಗಲಮನೆಯ ಅಕ್ಕಿ ಬಂದಿತ್ತು. ಯಾರೂ ತಡೆಯಲಿಲ್ಲ.

ಮುದುಕಿ ಹೆಣದ ಪಕ್ಕ ಕೂತು ಅಕ್ಕಿ ಬಿಟ್ಟಳು. ಗೌಡನ ಕೆನ್ನೆ, ಎದೆ, ತೋಳು ಸವರಿದಳು. ಸಿಟ್ಟಿಲ್ಲ, ಅಳುವಿಲ್ಲ. ಬೆಳಗ್ಗೆ ಕೆಲಸಕ್ಕೆ ಕಳಿಸುವಾಗ ಹೇಳುವಂತೆ ಮೆಲ್ಲಗೆ ಹೇಳಿದಳು.

“ಇಟ್ಕಂಡಿದ್ದು ಸಾಕು ಕಣಪ್ಪ. ನೀನ್ ಓಗು. ಇನ್ ನನ್ ಮಗನ್ನ ಕಳುಸ್ಬುಡು.”

ಹೇಳಿ, ಕೋಲು ಹಿಡಿದು ಎದ್ದು, ಬಾಗಿಲ ಕಡೆ ತಿರುಗಿ ನಿಂತಳು. ನಾವೆಲ್ಲರೂ ಬಾಗಿಲ ಕಡೆ ನೋಡಿದೆವು.